ಅತ್ತೆಯ ಕೋಣೆಗೆ ಹನ್ನೆರಡು ಮೀಟರ್ ವೈರು

ಅತ್ತೆ ಬಾತ್‌ರೂಮಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಶನ್ ಆದಮೇಲೆ ನಮ್ಮ ಡೊಂಬಿವಲಿಯ ಮನೆಯ ಒಳಕೋಣೆಯೇ ಅವರ ಲೋಕವಾಯಿತು. ಉಡುಪಿಯಿಂದ ಬಂದು ನಲವತ್ತು ವರ್ಷವಾಗಿದ್ದರೂ ಸಂಜೆ ಏಳಕ್ಕೆ ಕನ್ನಡದ ಧಾರಾವಾಹಿ ನೋಡದಿದ್ದರೆ ಅವರಿಗೆ ದಿನ ಮುಗಿದಂತೆನಿಸುತ್ತಿರಲಿಲ್ಲ. ಮೊಬೈಲಿನಲ್ಲಿ ಹಾಕಿಕೊಟ್ಟರೆ, "ಇರುವೆ ಹರಿದ ಹಾಗೆ ಕಾಣ್ತದೆ, ತೆಗಿ" ಎನ್ನುತ್ತಿದ್ದರು. ಟಿವಿ ಇದ್ದದ್ದು ಹಾಲ್‌ನಲ್ಲಿ. ಡಿಶ್ಶಿನ ವೈರು ಕಿಟಕಿಯಿಂದ ಅಲ್ಲಿಯವರೆಗೆ ಮಾತ್ರ ಬರುತ್ತಿತ್ತು.

ಕೋಪರಿಯಲ್ಲಿ ಹೋಟೆಲು ನಡೆಸುವ ನನ್ನ ಗಂಡನಿಗೆ ಬಿಡುವಿರಲಿಲ್ಲ. ಬರುತ್ತೇನೆಂದ ಮೆಕ್ಯಾನಿಕ್ ಬರಲಿಲ್ಲ. ಶನಿವಾರ ನಾನೇ ಮೂಲೆಯ ಅಂಗಡಿಯಿಂದ ಹನ್ನೆರಡು ಮೀಟರ್ ವೈರು ತಂದು, ಎರಡೂ ತುದಿ ಚಾಕುವಿನಿಂದ ಸುಲಿದು, ಹಳೆಯದಕ್ಕೆ ಹೊಸೆದು ಟೇಪು ಸುತ್ತಿದೆ. ಟಿವಿಯನ್ನೂ ಅದರ ಸೆಟ್‌ಟಾಪ್ ಬಾಕ್ಸನ್ನೂ ಕೋಣೆಗೆ ಸಾಗಿಸಿದೆ. ಪರದೆಯ ತುಂಬ ನೀಲಿ, ನಡುವೆ ಸಿಗ್ನಲ್ ಇಲ್ಲವೆಂಬ ಒಂದು ಸಾಲು.

"ಆಯ್ತು ಬಿಡು ಮಾರಾಯ್ತಿ" ಎಂದು ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಆ ಜೋಡಣೆಯನ್ನೇ ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗಳ ಸಾಲಿರುವ ಉಲ್ಹಾಸನಗರಕ್ಕೆ ಹೋದೆ. ವೈರಿನ ಸುರುಳಿಗಳೇ ತುಂಬಿದ್ದ ಒಂದು ಸಣ್ಣ ಅಂಗಡಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ನಾನು ಫೋನಿನಲ್ಲಿ ಅತ್ತೆಯ ಜೊತೆ ಮಾತಾಡುವುದನ್ನು ಕೇಳಿ, "ಕನ್ನಡದವರೇನ್ರೀ? ನಮ್ಮದು ವಿಜಾಪುರ ಕಡೆ" ಎಂದರು. ತಮ್ಮ ಗಂಡನಿಗೆ ಕಣ್ಣು ಮಂಜಾದ ಮೇಲೆ ಕಲ್ಯಾಣದ ಬಿಲ್ಡಿಂಗುಗಳ ತಾರಸಿ ಹತ್ತಿ ಡಿಶ್ ಕೂರಿಸಿದವರು ಅವರೇ ಅಂತೆ.

ನನ್ನ ಟೇಪು ಬಿಚ್ಚಿ, ಸೂಜಿಯಂಥದ್ದರಿಂದ ಒಳಗಿನ ತಂತಿಬಲೆಯ ಒಂದು ಎಳೆ ಎತ್ತಿ ತೋರಿಸಿದರು. ಕೂದಲಿಗಿಂತ ಸಣ್ಣದು.

"ಇದು ಲೈಟಿನ ವೈರಲ್ಲ ತಂಗಿ, ಹೊಸೆದ್ರ ಆಗಂಗಿಲ್ಲ. ನೋಡ್ರಿ, ಹೊರಗಿನ ಜಾಳಿಗಿಯ ಈ ಒಂದು ಎಳಿ ನಡುವಿನ ತಂತಿಗೆ ಬಡದೈತಿ. ಅಷ್ಟಕ್ಕ ಎಲ್ಲಾ ಬಂದ್."

ಆಮೇಲೆ ಅಯಸ್ಕಾಂತ ಹಿಡಿದರು. ನಡುವಿನ ತಂತಿ ಟಕ್ಕನೆ ಅಂಟಿತು. "ಮ್ಯಾಲ ತಾಮ್ರ, ಒಳಗ ಕಬ್ಬಿಣ. ಹನ್ನೆರಡು ಮೀಟರಿಗೆ ಇದೂ ನಡೀತಿತ್ತು, ಸುಳ್ಳ್ಯಾಕ ಹೇಳ್ಲಿ? ಆದ್ರ ಮ್ಯಾಲಿನ ಡಿಶ್ಶಿಗೆ ಕರೆಂಟು ಹೋಗೂದು ಇದರಾಗ. ಚಿತ್ರ ಕೆಳಗ ಬರೂದೂ ಇದರಾಗ. ಪೂರ್ತಿ ತಾಮ್ರದ್ದು ಒಯ್ಯಿರಿ."

"ಎರಡೂ ಒಟ್ಟಿಗೇ?"

"ಹೂನ್ರೀ. ಒಂದಕ್ಕೊಂದು ಅಡ್ಡ ಬರಂಗಿಲ್ಲ."

ದಿನಾ ಡೊಂಬಿವಲಿ ಸ್ಟೇಷನ್ನಿನಲ್ಲಿ ಹತ್ತುವವರೂ ಇಳಿಯುವವರೂ ಒಂದೇ ಬಾಗಿಲಲ್ಲಿ ಗುದ್ದಾಡುವುದನ್ನು ನೋಡುವ ನನಗೆ ಇದನ್ನು ನಂಬಲಾಗಲಿಲ್ಲ. ಬೆರಳಿನ ಅರ್ಧ ದಪ್ಪವೂ ಇಲ್ಲದ ಆ ಕಪ್ಪು ವೈರನ್ನು ಎತ್ತಿಕೊಂಡು ತಿರುಗಿಸಿ ನೋಡಿದೆ.

ಅವರು ವೈರು ಅಳೆದು ಕತ್ತರಿಸಿ, ತಿರುಗಿಸಿ ಕೂರಿಸುವ ಕನೆಕ್ಟರುಗಳನ್ನೂ, ಎರಡು ತುದಿಗಳನ್ನು ಸೇರಿಸುವ ಒಂದು ಜಾಯಿಂಟರನ್ನೂ ಮುಂದಿಟ್ಟರು. ಜಾಳಿಗೆಯನ್ನು ಹಿಂದಕ್ಕೆ ಮಡಚಬೇಕು, ನಡುವಿನ ತಂತಿ ಮಾತ್ರ ಕನೆಕ್ಟರಿನ ಮೂತಿಯಿಂದ ಚೂರು ಹೊರಗಿರಬೇಕು. ನನ್ನ ಕೈಯಲ್ಲೇ ಮಾಡಿಸಿದರು. ಮೊದಲ ಎರಡನ್ನು ಕತ್ತರಿಸಿ ಹಾಕಿದರು. ಮೂರನೆಯದನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ, "ಈಗ ಹೋಗ್ರಿ" ಎಂದರು.

ಆ ಸಂಜೆ ಸ್ಟೂಲಿನ ಮೇಲೆ ನಿಂತು ಬಾಗಿಲಿನ ಚೌಕಟ್ಟಿನ ಮೇಲಿಂದ ವೈರನ್ನು ಕೋಣೆಗೆ ತಂದೆ. ಕೊನೆಯ ಕನೆಕ್ಟರನ್ನು ಬಾಕ್ಸಿಗೆ ತಿರುಗಿಸಿ ಕೂರಿಸಿದೆ. ನೀಲಿ ಪರದೆ ಒಮ್ಮೆ ಕಪ್ಪಾಗಿ, ಇದ್ದಕ್ಕಿದ್ದಂತೆ ಧಾರಾವಾಹಿಯ ಸೊಸೆ ಕಾಣಿಸಿಕೊಂಡಳು. ಅವಳ ಸೀರೆಯ ಜರಿಯೂ ಎದ್ದು ಕಾಣುತ್ತಿತ್ತು!

ಅತ್ತೆ ಕಥೆಯನ್ನು ಬಿಟ್ಟು ವೈರನ್ನೇ ನೋಡಿದರು. "ಇದು ಎಲ್ಲಿಂದ ಬರುದು?"

"ಆಕಾಶದಿಂದ ಅತ್ತೆ. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿಂದ."

ಅವರು ಚಾವಣಿಯತ್ತ ಕಣ್ಣೆತ್ತಿದರು. ಆಮೇಲೆ, "ಅಷ್ಟು ದೂರದಿಂದ ಬಂದದ್ದಕ್ಕೆ ಹಾಲ್‌ನಿಂದ ಈ ಕೋಣೆಗೆ ಬರ್ಲಿಕ್ಕೆ ಎರಡು ದಿನ ಬೇಕಾಯ್ತಲ್ಲ!" ಎಂದರು.

ಇಬ್ಬರೂ ನಕ್ಕೆವು. ನಗುವಾಗ ಅವರು ಸೊಂಟ ಒತ್ತಿ ಹಿಡಿದುಕೊಂಡರು. ಅವರು ಧಾರಾವಾಹಿಯಲ್ಲಿ ಮುಳುಗಿದ ಮೇಲೆ ನಾನು ಮೆಲ್ಲನೆ ವೈರಿನ ಮೇಲೆ ಕೈಯಿಟ್ಟೆ. ಬಿಸಿ ಇಲ್ಲ, ಸದ್ದಿಲ್ಲ, ಒಂದಿಷ್ಟು ನಡುಕವೂ ಇಲ್ಲ.

ಕೆಲವು ವಾರಗಳಲ್ಲಿ ಅತ್ತೆ ವಾಕರ್ ಹಿಡಿದು ಹಾಲಿಗೆ ಬಂದರು. ಟಿವಿಯನ್ನು ಮತ್ತೆ ಇಲ್ಲಿಗೇ ತರಲೇ ಎಂದು ಕೇಳಿದೆ.

"ಬೇಡ, ಅಲ್ಲೇ ಇರ್ಲಿ" ಎಂದರು. "ನೀನು ಕೈಯಾರೆ ಹಾಕಿದ್ದಲ್ವಾ."