ಎರಡು ಕಳಾವರ್

ಇಸ್ಪೀಟಿನಲ್ಲಿ ಕೈಗೆ ಒಳ್ಳೆಯ ಎಲೆ ಬಂದರೆ ನನ್ನ ಮಾವನವರ ಕಿವಿ ಕೆಂಪಾಗುತ್ತಿತ್ತು. ಮುಖ ಕಲ್ಲಿನಂತಿದ್ದರೂ ಕಿವಿ ಮಾತ್ರ ಹಣ್ಣಾದ ಕಾಫಿಯ ಬಣ್ಣ. ಎದುರಾಳಿಗಳಾದ ಎಸ್ಟೇಟ್ ಡಾಕ್ಟರಿಗೂ ಅವರ ಹೆಂಡತಿಗೂ ಇದು ಗೊತ್ತಿತ್ತು. ಗೊತ್ತಿಲ್ಲದವರು ಮಾವ ಒಬ್ಬರೇ. ಇಂಥವರು ನನಗೆ ಬ್ರಿಜ್ ಕಲಿಸಲು ಹೊರಟರು.

ಮೂಡಿಗೆರೆ ಕ್ಲಬ್ಬಿನಲ್ಲಿ ಅವರ ಜೊತೆಗಾರನಾಗಿದ್ದ ಬಿಳಿ ದೊರೆ ತನ್ನ ದೇಶಕ್ಕೆ ಹಿಂದಿರುಗಿದ್ದ. ನನ್ನ ಯಜಮಾನರಿಗೆ ಇಸ್ಪೀಟು ಕಂಡರೆ ಆಗದು. "ನೀನು ಓದಿದವಳಲ್ವಾ, ಕೂತ್ಕೋ" ಎಂದರು ಮಾವ.

ಓದಿದ್ದು ಅರ್ಧ. ಮದುವೆಗಾಗಿ ಇಂಟರ್ಮೀಡಿಯೆಟ್ ಬಿಟ್ಟು ಬಂದಿದ್ದೆ. ಮೈಸೂರಿಗೆ ಹೋಗಿ ಪರೀಕ್ಷೆ ಬರೆಯುವುದೊಂದೇ ನನ್ನ ಆಸೆ. "ಈ ವರ್ಷ ಬೇಡ" ಎಂದು ಮಾವ ಎರಡು ವರ್ಷ ಹೇಳಿದ್ದರು. ಆ ಮನೆಯಲ್ಲಿ ಅವರ ಮಾತಿನ ಮೇಲೆ ಮಾತಿರಲಿಲ್ಲ.

ಬ್ರಿಜ್‌ನಲ್ಲಿ ಆಟಕ್ಕೆ ಮೊದಲು ನಾಲ್ವರೂ ಇಂಥ ಜಾತಿಯ ಎಲೆ ತುರುಫಾದರೆ ಇಷ್ಟು ಪಟ್ಟು ಗೆಲ್ಲುತ್ತೇವೆ ಎಂದು ಸರದಿಯಂತೆ ಕೂಗಬೇಕು. ಎದುರು ಕೂತ ಜೊತೆಗಾರನಿಗೆ ನಮ್ಮ ಕೈಯ ಬಲ ಆ ಕೂಗಿನಲ್ಲೇ ತಿಳಿಯಬೇಕು. ಮೊದಲ ಸಂಜೆ ನಮ್ಮ ಮನೆಯಲ್ಲೇ ಆಟ; ಮಾವ "ಎರಡು ಕಳಾವರ್" ಎಂದರು. ಅವರು ಹೇಳಿದ್ದಾರೆ, ಮುಗಿಯಿತು ಎಂದುಕೊಂಡು ನಾನು ಪಾಸ್ ಅಂದೆ. ಕಳಾವರ್ ತುರುಫಾಯಿತು. ಅವರ ಕೈಯಲ್ಲಿ ಇದ್ದದ್ದು ಒಂದೇ ಕಳಾವರ್, ಅದೂ ಮೂರರ ಎಲೆ.

"ಎಂತ ಮಾಡಿದೆ ಮಾರಾಯ್ತಿ! ಎರಡು ಕಳಾವರ್ ಅಂದ್ರೆ ಕಳಾವರ್ ಇದೆ ಅಂತಲ್ಲ. ನಂಗೆ ದೊಡ್ಡ ಕೈ ಇದೆ, ನೀನು ಬಾಯಿ ಬಿಡು ಅಂತ!"

"ನಿಮ್ಮ ಮಾತಿನ ಮೇಲೆ ನಾನು ಹೇಗೆ ಹೇಳೋದು ಮಾವ?"

"ಹೇಳ್ಬೇಕು! ಇಲ್ಲಿ ಸುಮ್ನಿದ್ರೆ ಅದೇ ತಪ್ಪು."

ಡಾಕ್ಟರು ನಕ್ಕರು. "ಸೊಸೆನ ಇಷ್ಟು ದಿನ ಸುಮ್ಮನೆ ಕೂರಿಸಿದ್ದು ಯಾರು ಸ್ವಾಮಿ?"

ಮುಂದಿನದು ಬರೀ ತಲೆನೋವು. ಟಪಾಲಿನಲ್ಲಿ ಹೊಸ ಪುಸ್ತಕ ಬಂದಾಗಲೆಲ್ಲ ಮಾವ ಪದ್ಧತಿ ಬದಲಿಸುತ್ತಿದ್ದರು. ಒಂದು ಜಾತಿಯನ್ನು ಕೂಗಲು ಈ ವಾರ ನಾಲ್ಕು ಎಲೆ ಸಾಕು, ಮುಂದಿನ ವಾರ ಐದು ಬೇಕು. ಬದಲಿಸಿದ್ದನ್ನು ಅವರೇ ಮರೆತು ನನ್ನನ್ನು ಬೈಯುತ್ತಿದ್ದರು. ನಾನು ಬದಲಿಸಿದ್ದನ್ನೆಲ್ಲ ಬರೆದಿಟ್ಟ ಡೈರಿ ತಂದು ತಾರೀಕು ತೋರಿಸುತ್ತಿದ್ದೆ. ಆ ಮಳೆಗಾಲದಲ್ಲೇ ಏಳು ಸಲ ಬದಲಾಗಿತ್ತು.

"ಒಲೆಗೆ ಹಾಕು ಆ ಡೈರೀನ" ಎನ್ನುತ್ತಿದ್ದರು. ಮರುದಿನ ಅವರೇ ಬಾಗಿಲ ಬಳಿ ನಿಂತು, "ಈಗ ಯಾವುದು ನಡೀತಾ ಇದೆ, ಸ್ವಲ್ಪ ನೋಡಿ ಹೇಳು."

ಪರೀಕ್ಷೆಯ ಅರ್ಜಿಗೆ ಕೊನೆಯ ದಿನ ಹತ್ತಿರ ಬಂತು. ಒಂದು ಸಂಜೆ ಡಾಕ್ಟರು ಎಲೆ ಕಲೆಸುತ್ತಿದ್ದಾಗ ಅವರ ಹೆಂಡತಿ ಕೇಳಿದರು: "ನಿನ್ನ ಪರೀಕ್ಷೆ ಏನಾಯ್ತೇ?"

"ಈ ವರ್ಷ ಬೇಡ" ಎಂದರು ಮಾವ.

"ಇಲ್ಲ ಮಾವ," ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. "ನಾನು ಈ ವರ್ಷವೇ ಬರೀತೀನಿ."

ಕಾಫಿ ತರುತ್ತಿದ್ದ ಅತ್ತೆ ಅಲ್ಲೇ ನಿಂತರು.

"ಮಾತಾಡೋಕೆ ಕಲಿಸಿದ್ದು ಎಲೆ ಹಿಡಿದಾಗ ಮಾತ್ರ!" ಎಂದು ಮಾವ ಗುಡುಗಿದರು. ನಾನು ಅವರ ಮುಖ ನೋಡಲಿಲ್ಲ, ಕಿವಿ ನೋಡಿದೆ. ಎರಡೂ ಕೆಂಪಾಗಿದ್ದವು. ಡಾಕ್ಟರು ಇನ್ನೂ ಒಂದು ಎಲೆಯನ್ನೂ ಹಂಚಿರಲಿಲ್ಲ.

ಪರೀಕ್ಷೆ ಬರೆಸಲು ಮೈಸೂರಿಗೆ ಅವರೇ ಕರೆದುಕೊಂಡು ಹೋದರು. ಚಿಕ್ಕಮಗಳೂರಿನವರೆಗೆ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಅಲ್ಲಿಂದ ಮುಂದೆ ಹೊಸ ಪದ್ಧತಿಯೊಂದನ್ನು ವಿವರಿಸಿದರು. ನಾಳೆ ಪರೀಕ್ಷೆ ಇರುವವಳಿಗೆ!

ಹೋದ ಆಷಾಢದಲ್ಲಿ ಅವರು ಹಾಸಿಗೆ ಹಿಡಿದರು. ದಿಂಬಿನ ಕೆಳಗಿಂದ ಮತ್ತೊಂದು ಪುಸ್ತಕ ತೆಗೆದು, "ಎರಡು ಕಳಾವರ್ ಬಿಟ್ಟುಬಿಡೋಣ ಮಗಾ, ಇದರಲ್ಲಿ ಬೇರೆ ಥರ ಇದೆ" ಎಂದರು.

"ಬೇಡ ಮಾವ. ಅದು ಇರಲಿ."

ಎಂದಿನಂತೆ ವಾದಕ್ಕೆ ಬರುತ್ತಾರೆಂದು ಕಾದೆ. ಅವರು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಆ ವಾರವೇ ಹೋದರು. ನನ್ನ ಡೈರಿಯಲ್ಲಿ ಎರಡು ಕಳಾವರ್ ಹಾಗೇ ಇದೆ.