ಅಕ್ಕ ಬ್ರೇಕು ತುಳಿದ ದಸರೆ

ಕಳೆದ ವರ್ಷ ದಸರೆಯ ಅಷ್ಟಮಿಯ ದಿನ ಮಧ್ಯಾಹ್ನ, ಬೀದರಿನಲ್ಲಿ ನಮ್ಮ ಅಕ್ಕನ ಮನೆಯ ಮುಂದೆ ನಿಂತಿದ್ದ ಪಿಕಪ್ ಗಾಡಿಯ ಬ್ರೇಕಿನೊಳಗೆ ಗಾಳಿ ಸೇರಿತು. ಸೇರಲು ಕಾರಣರಾದವರು ಅಕ್ಕನ ಗಂಡ. ನಾನು ಅವರನ್ನು ಮಾಮಾ ಎನ್ನುತ್ತೇನೆ. ಗಾಡಿಯೂ ಅವರದೇ.

ಹಳ್ಳಿಗಳಿಂದ ತೊಗರಿ, ಸೋಯಾ ಚೀಲಗಳನ್ನು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ತಂದು ಇಳಿಸುವುದು ಮಾಮಾರ ಕೆಲಸ. ಇಪ್ಪತ್ತಾರು ವರ್ಷಗಳಲ್ಲಿ ಇದು ಅವರ ಮೂರನೇ ಗಾಡಿ. ಕೊಂಡು ಎಂಟು ತಿಂಗಳಾಗಿತ್ತು. ಹಿಂದಿನ ಎರಡರಲ್ಲಿ ಎಬಿಎಸ್ ಇರಲಿಲ್ಲ. ಇದರಲ್ಲಿ ಇದೆ. ಜೋರಾಗಿ ಬ್ರೇಕು ಹಾಕಿದಾಗ ಚಕ್ರ ಬಿಗಿದು ಜಾರದಂತೆ, ಕ್ಷಣಕ್ಕೆ ಹಲವು ಸಲ ತಾನೇ ಹಿಡಿದು ತಾನೇ ಬಿಡುವ ಒಂದು ಪೆಟ್ಟಿಗೆ ಅದು. ಬಾನೆಟ್ಟಿನ ಕೆಳಗೆ ಮೂಲೆಯಲ್ಲಿ ಕೂತಿರುತ್ತದೆ. ಬ್ರೇಕ್ ಆಯಿಲ್ ಅದರೊಳಗಿಂದಲೇ ಹಾದು ನಾಲ್ಕೂ ಚಕ್ರಗಳಿಗೆ ಹೋಗುತ್ತದೆ.

ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಮನೆಯ ಕಬ್ಬಿಣವನ್ನೆಲ್ಲ ತೊಳೆದು ಇಡುವುದು ನಮ್ಮ ಕಡೆಯ ಪದ್ಧತಿ. ಕೊಡಲಿ, ಕುಡುಗೋಲು, ಈಳಿಗೆ, ಹೊಲಿಗೆ ಯಂತ್ರ ಎಲ್ಲವೂ. ಮಾಮಾ ಇದಕ್ಕೆ ತಮ್ಮದೊಂದು ನೇಮ ಸೇರಿಸಿಕೊಂಡಿದ್ದರು. ಪೂಜೆಗೆ ನಿಲ್ಲುವ ಗಾಡಿಯಲ್ಲಿ ಹಳೆಯ ಬ್ರೇಕ್ ಆಯಿಲ್ ಇರಬಾರದು. ಪ್ರತಿ ವರ್ಷ ಅಷ್ಟಮಿಯ ದಿನ ಅದರ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ, ಒಳಗೆಲ್ಲ ಒರೆಸಿ, ಹೊಸದು ತುಂಬುತ್ತಿದ್ದರು. ಆಮೇಲೆ ಒಳಹೊಕ್ಕ ಗಾಳಿಯನ್ನು ಒಂದೊಂದೇ ಚಕ್ರದಿಂದ ತೆಗೆಯುತ್ತಿದ್ದರು. ಅದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಬ್ರೇಕು ತುಳಿದು ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹಿಂದೆ ಗಾಳಿ ಬಿಡಲೆಂದೇ ಇರುವ ತಿರುಪನ್ನು, ನಿಪ್ಪಲ್ಲನ್ನು, ಸಡಿಲಿಸಬೇಕು. ತುಳಿಯುವ ಕೆಲಸ ಮೊದಲಿನಿಂದಲೂ ಅಕ್ಕನದು.

ನಾನು ಭಾಲ್ಕಿಯಲ್ಲಿ ಪತ್ರಿಕೆಯೊಂದರ ವರದಿಗಾರ್ತಿ. ಅಂದು ಬಸ್ಸಿಳಿದು ಹಬ್ಬಕ್ಕೆ ಅವರ ಮನೆ ಮುಟ್ಟಿದಾಗ ಕೆಲಸ ನಡೆದಿತ್ತು. ಅಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಹಿಂದಿನ ಚಕ್ರದ ಪಕ್ಕ ಮಾಮಾರ ಕಾಲುಗಳು ಮಾತ್ರ ಕಾಣುತ್ತಿದ್ದವು.

“ತುಳಿ.”

“ತುಳದೀನ್ರಿ.”

“ಹಿಡಿ.”

“ಹಿಡ್ದೀನಿ.”

“ಈಗ ಬಿಡು. ಬಿಡು ಅಂದೆ.”

“ಬಿಟ್ಟು ಎಷ್ಟೊತ್ತಾತು. ಅಲ್ಲಿ ಮಕ್ಕೊಂಡು ನನ್ನ ಕಾಲು ಕಾಣ್ತದೇನು ನಿಮಗ?”

ನಿಪ್ಪಲ್ಲಿಗೆ ಸಲೈನ್ ಪೈಪಿನ ತುಂಡೊಂದನ್ನು ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿ ಮುಳುಗಿಸಿದ್ದರು. ಪೈಪಿನಲ್ಲಿ ಗುಳ್ಳೆ ಬರುವುದು ನಿಂತರೆ ಗಾಳಿ ಮುಗಿಯಿತೆಂದು ಅರ್ಥ. ಮೂರು ಸುತ್ತಾಯಿತು. ನಾಲ್ಕೂ ಚಕ್ರಗಳಲ್ಲಿ ಗುಳ್ಳೆ ನಿಂತವು. ಮಾಮಾ ಎದ್ದು ಬಂದು ಕೈ ಒರೆಸಿಕೊಂಡರು. ಅಕ್ಕ ಇಳಿಯಲಿಲ್ಲ. ಇನ್ನೂ ಎರಡು ಸಲ ತುಳಿದು ನೋಡಿದಳು.

“ಇನ್ನಾ ಆಗಿಲ್ರಿ.”

“ಗುಳ್ಳಿ ನಿಂತಾವಲ್ಲ.”

“ಗುಳ್ಳಿ ನಿಂತಿರಬೇಕು. ಕಾಲಿಗಿ ನಾದಿದ ಹಿಟ್ಟು ತುಳದಂಗ ಆಗ್ಲತ್ತದ.”

“ಹೊಸ ಗಾಡಿ ಬ್ರೇಕ್ ಹಂಗೇ ಇರ್ತದ, ಮೆತ್ತಗ.”

“ಹೋದ ವಾರ ಹಿಂಗಿರಲಿಲ್ಲ.”

“ಹೋದ ವಾರ ನೀ ಯಾವಾಗ ತುಳದಿ?”

“ಗಂಜಿನ್ಯಾಗ ನೀವು ಚಾ ಕುಡ್ಯಾಕ ಇಳದು ಹೋದಾಗ. ಸುಮ್ಮ ಕೂತು ಏನು ಮಾಡ್ಲಿ? ತುಳ್ಕೋತ ಕೂತಿದ್ದೆ.”

ಒಂದೇ ಘಟನೆಗೆ ಎರಡು ಹೇಳಿಕೆ ಬಂದರೆ ಎರಡನ್ನೂ ಬರೆದುಕೊಳ್ಳುವುದು ನನ್ನ ರೂಢಿ. ಒಬ್ಬರಿಗೆ ಗುಳ್ಳೆ ಸಾಕ್ಷಿ, ಒಬ್ಬರಿಗೆ ಕಾಲು. ಬೇರೆ ದಿನವಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವಿಜಯದಶಮಿಯ ದಿನ ಅವರು ಔರಾದಿಗೆ ಹೋಗಿ ಮಗಳನ್ನು ಹೆರಿಗೆಗೆ ಕರೆತರಬೇಕಿತ್ತು. ಇರುವವಳು ಒಬ್ಬಳೇ ಮಗಳು. ಏಳನೇ ತಿಂಗಳು. ಕುಬಸ, ಅಂದರೆ ಸೀಮಂತ, ಆಗಿತ್ತು; ಬೀಗರು ದಶಮಿಯೇ ಒಳ್ಳೆಯ ದಿನವೆಂದು ಹೇಳಿ ಕಳಿಸಿದ್ದರು. ಮಗಳು ಫೋನಿನಲ್ಲಿ, “ಅಪ್ಪಾ, ನೀವೇ ಬರ್ರಿ. ಕಾರಿನ್ಯಾಗ ಕೂತ್ರ ನಂಗ ವಾಂತಿ ಬರ್ತದ” ಎಂದಿದ್ದಳು. ಮಾಮಾ ಆ ಮಾತನ್ನು ಆ ವಾರ ನನಗೆ ಎರಡು ಸಲ, ಓಣಿಯವರಿಗೆ ಎಷ್ಟು ಸಲವೋ ಹೇಳಿದ್ದರು.

ಅಕ್ಕ ಸೀಟಿನಿಂದ ಇಳಿದು ತಟ್ಟೆ ನನ್ನ ಕೈಗೆ ಕೊಟ್ಟಳು.

“ಈ ಬ್ರೇಕ್ ಮ್ಯಾಲ ನಾ ಮಗಳಿಗಿ ಕೂಡಸಂಗಿಲ್ರಿ. ಕಾರ್ ಹೇಳ್ರಿ.”

ಮಾಮಾ ಗಾಡಿ ಚಾಲೂ ಮಾಡಿ ಓಣಿಯ ತುದಿಯವರೆಗೆ ನಿಧಾನವಾಗಿ ಹೋಗಿ ತಿರುಗಿ ಬಂದರು. ಇಳಿದು ಬಾಗಿಲು ಮೆಲ್ಲಗೆ ಹಾಕಿದರು.

“ಎರಡು ಸಲ ತುಳದ್ರ ಹಿಡೀತದ” ಎಂದರು.

“ಎರಡನೇ ಸಲ ತುಳ್ಯಾಕ ಟೈಮ್ ಸಿಗಬೇಕಲ್ರಿ” ಎಂದಳು ಅಕ್ಕ.

ಊರ ಹೊರಗೆ ಪರಿಚಯದ ಗ್ಯಾರೇಜೊಂದಿದೆ. ಮಾಮಾ ಅದರ ಮಿಸ್ತ್ರಿಗೆ ಫೋನು ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನಾವೂ ಕೇಳಿದೆವು.

“ಕಾಕಾ, ಡಬ್ಬಿ ಪೂರಾ ಖಾಲಿ ಮಾಡಿದ್ರೇನು?”

“ಮಾಡಿದೆ. ವರ್ಷಾ ಮಾಡ್ತೇನಿ.”

“ಹಳೀ ಗಾಡಿಗಿ ನಡೀತಿತ್ತು. ಈಗ ಹವಾ ಎಬಿಎಸ್ ಪೆಟಗಿ ಒಳಗ ಹೊಕ್ಕಿರ್ತದ. ಅದರ ಬಾಗ್ಲಾ ಮುಚ್ಚಿರ್ತಾವ. ನೀವು ದೀಪಾವಳಿ ತನಕಾ ತುಳದ್ರೂ ಬರಂಗಿಲ್ಲ. ಸ್ಕ್ಯಾನರ್ ಹಚ್ಚಿ ಅದರ ಮೋಟರ್ ಓಡಿಸಬೇಕು. ನಾಳಿ ಮುಂಜಾನಿ ತರ್ರಿ.”

ಮರುದಿನ ನವಮಿ. ಮನೆಯ ಪೂಜೆ ಮುಗಿಸಿ, ಒಂದನೇ ಗೇರಿನಲ್ಲಿ, ಕೈಬ್ರೇಕಿನ ಮೇಲೆ ಕೈ ಇಟ್ಟುಕೊಂಡೇ ಮಾಮಾ ಗಾಡಿಯನ್ನು ಗ್ಯಾರೇಜಿಗೆ ತಂದರು. ನಾನು ಪಕ್ಕದಲ್ಲಿದ್ದೆ. ತಲುಪುವಾಗ ಹನ್ನೊಂದಾಗಿತ್ತು. ಗ್ಯಾರೇಜು ತೊಳೆದು ಒಣಗಿತ್ತು. ಗೋಡೆಗೆ ಹಚ್ಚಿ ನಟ್ಟು ಬಿಚ್ಚುವ ಪಾನಾ, ಜಾಕ್, ಸುತ್ತಿಗೆಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡಿದ್ದರು. ಸಾಲಿನ ನಡುವೆ, ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್. ಅದರ ಪರದೆಯ ಮೇಲೆ ಕುಂಕುಮ, ವೈರಿನ ಸುರುಳಿಯ ಮೇಲೆ ಚೆಂಡು ಹೂವು.

ಮಿಸ್ತ್ರಿ ಕೈ ಮುಗಿದು ಎದುರು ಬಂದ. “ತಡಾ ಮಾಡಿದ್ರಿ ಕಾಕಾ. ಸ್ಕ್ಯಾನರ್ ಪೂಜಿಗಿ ಕೂತು ಬಿಟ್ಟದ. ನಾಳಿ ಮುಂಜಾನಿ ತನಕಾ ಎತ್ತಂಗಿಲ್ಲ.”

ಮಾಮಾ ಒತ್ತಾಯ ಮಾಡಲಿಲ್ಲ. ಅವರ ಪಾನಾಗಳೂ ಮನೆಯಲ್ಲಿ ಹಾಗೆಯೇ ಕೂತಿದ್ದವು. ಗಾಡಿಯನ್ನು ಅಲ್ಲೇ ಬಿಟ್ಟು, ಪ್ರಸಾದ ತೆಗೆದುಕೊಂಡು ಆಟೋದಲ್ಲಿ ಮರಳಿದೆವು.

ಆ ಸಂಜೆ ಮಗಳ ಫೋನು ಬಂತು. “ನಾಳಿ ಹತ್ತರ ಒಳಗ ಹೇಳ್ತೇನವ್ವಾ” ಎಂದರು ಮಾಮಾ. ಅಕ್ಕ ಒಳಗಿನ ಕೋಣೆಯಲ್ಲಿ, ಪರಿಚಯದ ಕಾರಿನವರ ನಂಬರು ಇದ್ದರೆ ನೋಡೆಂದು ನನಗೆ ಮೆಲುದನಿಯಲ್ಲಿ ಹೇಳಿದಳು. ನಾನು ಕಾರಿನವನಿಗೆ ಫೋನು ಮಾಡಿ, ಬೆಳಿಗ್ಗೆ ಹತ್ತರವರೆಗೆ ಕಾಯಲು ಹೇಳಿದೆ. ಹೊರಗೆ ಬಂದಾಗ ಮಾಮಾ ಕಟ್ಟೆಯ ಮೇಲೆ ಕೂತಿದ್ದರು. ಅಕ್ಕ ಬಂದು ಪಕ್ಕದಲ್ಲಿ ಕೂತಳು.

“ಡಬ್ಬಿ ಖಾಲಿ ಮಾಡಬಾರದಿತ್ತು” ಎಂದರು ಮಾಮಾ.

“ಯಾರಿಗಿ ಗೊತ್ತಿತ್ತು? ಒರಸಿ ಕೊಟ್ಟಾಕಿ ನಾನೇ ಅಲ್ಲೇನು?”

“ನೀ ಹೇಳಿದ ಮ್ಯಾಲೂ ಗುಳ್ಳಿ ಗುಳ್ಳಿ ಅಂದೆ.”

“ಹೋಗ್ಲಿ ಬಿಡ್ರಿ. ಉಣ್ಣಾಕ ಏಳ್ರಿ.”

ಮೂವತ್ತು ವರ್ಷದಿಂದ ಆ ಮನೆಗೆ ಹೋಗಿ ಬರುತ್ತಿದ್ದೇನೆ. ಮಾಮಾ ಹೀಗೆ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದಶಮಿಯ ದಿನ ಬೆಳಿಗ್ಗೆ ಏಳಕ್ಕೆ ಮೂವರೂ ಗ್ಯಾರೇಜಿನಲ್ಲಿದ್ದೆವು. ಮಿಸ್ತ್ರಿ ಊದುಬತ್ತಿ ಹಚ್ಚಿ, ಪೂಜೆಯ ಸಾಮಾನುಗಳನ್ನು ಒಂದೊಂದಾಗಿ ಕದಲಿಸಿ, ಮೊದಲು ಸ್ಕ್ಯಾನರ್ ಎತ್ತಿಕೊಂಡ. ವೈರನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದ.

“ಕಾಕಾ, ನೀವು ಮ್ಯಾಲ ಕೂತು ತುಳೀರಿ.”

“ನಾ ಅಲ್ಲ. ಅಕಿ ಕೂಡ್ತಾಳ” ಎಂದರು ಮಾಮಾ. “ಅಕಿ ಕಾಲಿಗಿ ತಿಳೀತದ.”

ಅಕ್ಕ ಒಂದು ಕ್ಷಣ ಗಂಡನ ಮುಖ ನೋಡಿದಳು. ಚಪ್ಪಲಿ ಬಿಟ್ಟು ಹತ್ತಿ ಕೂತಳು.

“ಅಕ್ಕೋರ, ಪೆಡಲ್ ನಡಗ್ತದ. ಕೆಳಗ ಹೋಗ್ತದ, ಮ್ಯಾಲ ಒದೀತದ. ಅಂಜಬ್ಯಾಡ್ರಿ. ಕಾಲು ಮಾತ್ರ ಎತ್ತಬ್ಯಾಡ್ರಿ” ಎಂದ ಮಿಸ್ತ್ರಿ.

“ಒದಿಯೋದು ನನಗೇನು ಹೊಸದಲ್ಲ. ಇವರ ಮಗಳು ಹೊಟ್ಟಿಯಾಗ ಇದ್ದಾಗ ಭಾಳ ಒದ್ದಾಳ.”

ಮಿಸ್ತ್ರಿ ಪರದೆ ಒತ್ತಿದ. ಬಾನೆಟ್ಟಿನ ಕೆಳಗೆ ಮಿಕ್ಸರ್ ಚಾಲೂ ಮಾಡಿದಂಥ ಸದ್ದು ಬಂತು. ಅಕ್ಕ ಎರಡೂ ಕೈಗಳಿಂದ ಸ್ಟೇರಿಂಗ್ ಹಿಡಿದುಕೊಂಡಳು. ಮಾಮಾ ಡಬ್ಬಿಯ ಮೇಲಿನ ಗೆರೆಯಿಂದ ಎಣ್ಣೆ ಕೆಳಗಿಳಿಯದಂತೆ ಹೊಸ ಆಯಿಲ್ ಸುರಿಯುತ್ತ ನಿಂತರು. ಸದ್ದು ನಿಂತೊಡನೆ ಮಿಸ್ತ್ರಿ ಚಕ್ರದ ಕಡೆ ಹೋಗಿ ನಿಪ್ಪಲ್ ಸಡಿಲಿಸಿದ. ಎರಡು ದಿನದ ಹಿಂದೆ ಗುಳ್ಳೆಯೇ ಇಲ್ಲವೆಂದು ನಾವು ನಂಬಿದ್ದ ಪೈಪಿನಲ್ಲಿ ಸೋಡಾದಲ್ಲಿ ಏಳುವಂಥ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಬಂದವು. ಮತ್ತೆ ಮೋಟರ್, ಮತ್ತೆ ಚಕ್ರ. ಪ್ರತಿ ಸಲವೂ ಮಾಮಾ ಅಕ್ಕನ ಕಡೆ ತಿರುಗಿ, “ಈಗ?” ಎನ್ನುತ್ತಿದ್ದರು.

“ಇನ್ನಾ ಹಿಟ್ಟೇ ಅದ.”

ಮತ್ತೊಮ್ಮೆ.

“ಗಟ್ಟಿ ಆಗ್ಲತ್ತದ.”

ನಾಲ್ಕನೇ ಸುತ್ತಿನಲ್ಲಿ, ಮಿಸ್ತ್ರಿ ಕೆಳಗಿನಿಂದ ಏಳುವ ಮೊದಲೇ ಅಕ್ಕ, “ಕಲ್ಲಾತು ನೋಡ್ರಿ” ಎಂದಳು. ಅವನು ಪೈಪು ನೋಡಿದ, ಬಂದು ಪೆಡಲನ್ನು ಕೈಯಿಂದ ಒತ್ತಿ ನೋಡಿದ.

“ಅಕ್ಕೋರ, ನಾಳಿಂದ ನಮ್ಮಲ್ಲೇ ಕೆಲಸಕ್ಕ ಬರ್ರಿ.”

“ಮೆಂತ್ಯೆ ಬಿಡಸಾಕ ಜಾಗಾ ಕೊಟ್ರ ಬರ್ತೇನಿ.”

ಗ್ಯಾರೇಜಿನ ಹಿಂದೆ ಕಡಿ, ಅಂದರೆ ಜಲ್ಲಿ, ಹಾಸಿದ ಬಯಲಿದೆ. ಮಾಮಾ ಅಲ್ಲಿ ಗಾಡಿಯನ್ನು ಜೋರಾಗಿ ಓಡಿಸಿ ಒಮ್ಮೆಲೇ ಬ್ರೇಕು ಹಾಕಿದರು. ಗಾಡಿ ಗರಗರ ಸದ್ದು ಮಾಡಿ, ಜಾರದೆ, ನೆಟ್ಟಗೆ ನಿಂತಿತು. ಮೂರು ಸಲ ಹಾಗೆಯೇ. ನಾಲ್ಕನೆಯದಕ್ಕೆ ಅಕ್ಕ ಕೈ ತೋರಿಸಿ ನಿಲ್ಲಿಸಿದಳು.

“ಮಗಳು ಕೂಡೋ ಜಾಗಾದಾಗ ನಾ ಕೂಡ್ತೇನಿ. ಈಗ ಹೊಡೀರಿ.”

ಮಾಮಾ ಹೊಡೆದರು. ಧೂಳು ಇಳಿದ ಮೇಲೆ ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ, ಕಾರಿನವನಿಗೆ ಬೇಡವೆಂದು ಹೇಳಲು ನನಗೆ ಸನ್ನೆ ಮಾಡಿದಳು. ಆಗ ಒಂಬತ್ತೂ ಇಪ್ಪತ್ತು.

ಔರಾದಿಗೆ ನಾನು ಹೋಗಲಿಲ್ಲ. ಕ್ಯಾಬಿನ್ನಿನಲ್ಲಿ ಮೂವರಿಗೆ ಮಾತ್ರ ಜಾಗ. ಹೀಗಾಗಿ ಮುಂದಿನದು ಅಕ್ಕ ಹೇಳಿದ್ದು. ಬರುವಾಗ ಮಗಳು ನಡುವೆ ಕೂತು, ಸಂತಪುರ ದಾಟುವುದರೊಳಗೆ ಅಕ್ಕನ ಹೆಗಲಿಗೆ ಒರಗಿ ನಿದ್ದೆ ಹೋದಳು. ಮಾಂಜ್ರಾ ಹೊಳೆಯ ಕಡೆ ಇಳಿಯುವಲ್ಲಿ ಕುರಿಹಿಂಡೊಂದು ರಸ್ತೆಗೆ ಅಡ್ಡ ಬಂತು. ಮಾಮಾ ಬ್ರೇಕು ಒತ್ತಿದರು, ಗಾಡಿ ನಿಂತಿತು. ಕುರಿಗಳು ದಾಟುವವರೆಗೆ ಕಾದರು. ಮಗಳಿಗೆ ಎಚ್ಚರವಾಗಲಿಲ್ಲ.

“ಅವರು ತುಳದಾಗ ನನ್ನ ಕಾಲೂ ತುಳದಿತ್ತು ನೋಡು, ಖಾಲಿ ನೆಲಾ” ಎಂದಳು ಅಕ್ಕ.

ಸಂಜೆ ಐದೂ ಹತ್ತಕ್ಕೆ ಗಾಡಿ ಮನೆಯ ಮುಂದೆ ನಿಂತಿತು. ಮಗಳು ಇಳಿದು, ಕಾಲು ತೊಳೆದು ಒಳಗೆ ಬಂದಳು.

ಡಿಸೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ಐದನೇ ತಿಂಗಳಲ್ಲಿ ಮಾಮಾ ತಾಯಿ ಮಗುವನ್ನು ಔರಾದಿಗೆ ಬಿಟ್ಟು ಬಂದರು. ಮೊನ್ನೆ ಭಾನುವಾರ ಮಗುವಿಗೆ ಕೆಳಗಿನ ಎರಡು ಹಲ್ಲು ಕಂಡಿವೆ.