ಮೇದೋಜೀರಕಕ್ಕೆ ಒಂದು ದಿನ ರಜ

ನಾನು ಬಾಡಿಗೆಗಿರುವ ಮನೆಯ ಒಡತಿಯೇ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ಭಿಕ್ಷೆ ಬೇಡಿದರೆ ನನಗೆ ಹೇಗಾಗಿರಬೇಡ? ಅಂಕೋಲೆಯಿಂದ ಶಿರಾ ತಾಲ್ಲೂಕಿನ ಗೌಡಗೆರೆಗೆ ನರ್ಸ್ ಆಗಿ ಬಂದ ವರ್ಷ, ಶ್ರಾವಣದ ಮೊದಲ ಶನಿವಾರ ಅದು. ದೊಡ್ಡ ಕುರಿಹಿಂಡಿನ ಯಜಮಾನಿ ರಂಗಮ್ಮ ಹಣೆಗೆ ನಾಮ ಇಟ್ಟುಕೊಂಡು, ಚೊಂಬು ಹಿಡಿದು ನಿಂತಿದ್ದರು.

"ಗೋಯಿಂದಾ! ಹಂಗೇನ್ ನೋಡ್ತೀಯವ್ವ, ಒಂದಿಡಿ ಅಕ್ಕಿ ಹಾಕು."

ಇದಕ್ಕೆ ಪಡಿ ಎತ್ತುವುದು ಎನ್ನುತ್ತಾರೆ. ತಿಮ್ಮಪ್ಪನ ಒಕ್ಕಲಿನವರು ಐದಾರು ಮನೆ ಬೇಡಿ, ಬಂದ ಅಕ್ಕಿಯಲ್ಲಿ ಅಡುಗೆ ಮಾಡಿ, ದೇವರಿಗೆ ಎಡೆ ಇಟ್ಟ ಮೇಲೆಯೇ ಬಾಯಿಗೆ ಏನಾದರೂ ಹಾಕುವುದು. ನಮ್ಮ ಕಡೆ ಬೇಡುವುದು ನಾಚಿಕೆ, ಇಲ್ಲಿ ಮರ್ಯಾದೆ.

ಮೀನಿಲ್ಲದ ಊಟ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮುದ್ದೆಯನ್ನು ಅಗಿದಿದ್ದಕ್ಕೆ ರಂಗಮ್ಮ ಬಿದ್ದು ಬಿದ್ದು ನಕ್ಕರು. "ಅಗೀಬ್ಯಾಡ ಕಣಮ್ಮ, ನುಂಗು!" ಮಾತಿಗೆ ಜನರಿಲ್ಲದೆ ಅಳುತ್ತಿದ್ದ ಆ ತಿಂಗಳುಗಳಲ್ಲಿ ಅವರು ನಮ್ಮಿಬ್ಬರ ಮನೆಯ ನಡುಗೋಡೆ ಬಡಿದು ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ನಾನು ದಿನಾ ಬೆರಳು ಚುಚ್ಚಿ ನೋಡುತ್ತಿದ್ದೆ, ಇನ್ಸುಲಿನ್ ಸೂಜಿ ಅವರೇ ಹಾಕಿಕೊಳ್ಳುತ್ತಿದ್ದರು.

"ಈ ಸಕ್ರೆ ಒಳಗೆ ಏನ್ ಮಾಡ್ತದವ್ವ?" ಎಂದು ಒಂದು ಸಂಜೆ ಕೇಳಿದರು. ಈ ಊರಿನಲ್ಲಿ ನನಗೆ ಗೊತ್ತಿದ್ದುದನ್ನು ಕೇಳಿದವರು ಅವರೊಬ್ಬರೇ. ಉತ್ಸಾಹದಿಂದ ಹೇಳಿದೆ. ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಅದರೊಳಗೆ ಇನ್ಸುಲಿನ್ ಮಾಡುವ ಪುಟ್ಟ ಪುಟ್ಟ ಜೀವಕೋಶದ ಗುಂಪುಗಳಿವೆ. ರಕ್ತದಲ್ಲಿ ಸಕ್ಕರೆ ಏರಿದರೆ ಆ ಗುಂಪುಗಳಿಗೆ ರಕ್ತದ ಓಟ ಹೆಚ್ಚುತ್ತದೆ, ಇಳಿದರೆ ತಗ್ಗುತ್ತದೆ. ಕಾಯಿಲೆ ಹಳೆಯದಾದಂತೆ ಈ ಏರ್ಪಾಡೂ ಹದ ತಪ್ಪಬಹುದು.

"ನೆಂಟ್ರು ಬಂದ್ರೆ ಒಲೆಗೆ ಸೌದೆ ಜಾಸ್ತಿ ಹಾಕ್ದಂಗೆ ಅನ್ನು," ಎಂದರು. ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡರೆಂದು ನಾನು ಬೀಗಿದ್ದೇ ಬೀಗಿದ್ದು.

ಈ ವರ್ಷ ಶ್ರಾವಣದ ಒಂದು ಶನಿವಾರ ಅವರ ಸೊಸೆ ಮಂಜುಳಾ ಕೂಗುತ್ತಾ ಓಡಿ ಬಂದಳು. ಪಡಿ ಎತ್ತಲು ಹೋದ ರಂಗಮ್ಮ ಮೂರನೇ ಮನೆಯ ಜಗಲಿಯ ಮೇಲೆ ಒರಗಿದ್ದರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪಾತಾಳಕ್ಕಿಳಿದಿತ್ತು. ಪಡಿಯ ದಿನ ಅವರು ಸೂಜಿ ಹಾಕಿಕೊಳ್ಳುತ್ತಿದ್ದುದು ಎಡೆ ಮುಗಿದು ಊಟಕ್ಕೆ ಕೂರುವಾಗ.

"ಆಗಲೇ ಸೂಜಿ ಹಾಕಿಕೊಂಡ್ರಾ?"

"ಊಂ. ನೀನೇ ಅಂದ್ಯಲ್ಲವ್ವ... ಸಕ್ರೆ ಇಳುದ್ರೆ ಆ ಗ್ರಂಥಿಗೆ ರಕ್ತ ಕಮ್ಮಿ ಓಡ್ತದೆ ಅಂತ. ಉಪಾಸ, ಸೂಜಿ ಎಲ್ಡೂ ಸೇರುದ್ರೆ ಒಂದಿನ ರಜ ಸಿಗ್ತದೆ ಅಂದ್ಕಂಡೆ. ಎಷ್ಟು ವರ್ಷ ದುಡಿದೈತೆ ಪಾಪ."

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಊಟವಿಲ್ಲದೆ ಸೂಜಿ ಹಾಕಿಕೊಂಡರೆ ಪ್ರಾಣಕ್ಕೇ ಕುತ್ತು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಸಕ್ಕರೆ ನೀರು ಬಾಯಿಗೆ ಹಿಡಿದರೆ ತುಟಿ ಬಿಗಿದು ತಲೆಯಾಡಿಸಿದರು. "ಎಡೆ ಆಗಿಲ್ಲ." ಮಂಜುಳಾ ಅಳುತ್ತಾ ಒಮ್ಮೆ ಅತ್ತೆಯನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ಕಾಯುವ ಹೊತ್ತಲ್ಲ ಅದು. ಗದ್ದ ಹಿಡಿದು, ಗುಟುಕು ಗುಟುಕಾಗಿ ಬಲವಂತದಿಂದ ಕುಡಿಸಿದೆ. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾದವು. ಅವರು ಚೊಂಬಿನ ಅಕ್ಕಿ ನೋಡಿದರು, ನನ್ನನ್ನು ನೋಡಿದರು.

"ಕೆಡಿಸ್ಬುಟ್ಯಲ್ಲವ್ವ."

ಅಷ್ಟೇ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಮಂಜುಳಾಳ ಕೈಯಲ್ಲಿ ಈಗಲೂ ನನಗೆ ಮುದ್ದೆ ಸಾರು ಕಳಿಸುತ್ತಾರೆ. ಆದರೆ ಬೆರಳು ಮಾತ್ರ ಕೊಡುವುದಿಲ್ಲ. ಯಂತ್ರ ಹಿಡಿದು ಹೋದರೆ, "ನಿಂಗ್ಯಾಕೆ ತೊಂದ್ರೆ, ಬುಡವ್ವ" ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ.

ಅಂಕೋಲೆಯಿಂದ ಅಮ್ಮ ಫೋನ್ ಮಾಡಿ, "ಸಾಕು ಮಗಾ, ವರ್ಗ ಮಾಡಿಸ್ಕೊಂಡು ಬಂದ್ಬಿಡು. ಅವರು ನಿನಗೆ ಏನಾಗಬೇಕು?" ಎನ್ನುತ್ತಾಳೆ. ಅರ್ಜಿ ಬರೆದಿಟ್ಟಿದ್ದೇನೆ, ಕೊಟ್ಟಿಲ್ಲ. ಊರಿಗೆ ಹೋದರೆ ರಂಗಮ್ಮನ ಸಕ್ಕರೆ ಎಷ್ಟಿದೆಯೆಂದು ನನಗೆ ಗೊತ್ತಾಗುವುದಿಲ್ಲ. ಒಂದು ಗೋಡೆಯಾಚೆಗೇ ಇದ್ದೇನೆ, ಈಗಲೂ ಗೊತ್ತಿಲ್ಲ.